ಗುಂಡಿನ ಸದ್ದು ನಿಂತ ಮೇಲೆ

ಸುಮಾರು ಮೂವತ್ತು ಜನರ ಪ್ಲಟೂನಿಗೆ ಕಮಾಂಡರ್ ಆಗಿದ್ದಾಗ, ಗುಂಡಿನ ಸದ್ದು ಅಡಗಿದ ಕೂಡಲೇ ನಾನು ಕೇಳುತ್ತಿದ್ದದ್ದು ಲೆಕ್ಕ. ಮೂರೂ ಸೆಕ್ಷನ್ (ಪ್ಲಟೂನಿನೊಳಗಿನ ಸಣ್ಣ ತಂಡ) ಕಮಾಂಡರ್‌ಗಳಿಂದ ನಾಲ್ಕು ವಿಷಯ: ಜನ, ಗಾಯ, ಮದ್ದುಗುಂಡು, ನೀರು. 'ಎಲ್ಲರೂ ಇದ್ದಾರೆ ಸಾರ್' ಎಂಬುದು ಉತ್ತರವಲ್ಲ, ಅಂಕಿ ಬೇಕು. ದಣಿದವನು ಕಣ್ಣಿಗೆ ಬಿದ್ದವರನ್ನೇ ಎಲ್ಲರೂ ಅಂದುಕೊಂಡುಬಿಡುತ್ತಾನೆ. ಅಂಕಿ ತಾಳೆಯಾಗದಿದ್ದರೆ ಒಂದೊಂದೇ ಹೆಸರು ಹಿಡಿದು ಕೂಗಿಸಬೇಕು.

ಜವಾನ ಬಿದ್ದಾಗ ಕಮಾಂಡರ್ ಸಾಮಾನ್ಯವಾಗಿ ಮಾಡುವ ತಪ್ಪು, ತಾನೇ ಓಡಿಹೋಗಿ ಪಕ್ಕದಲ್ಲಿ ಮಂಡಿಯೂರುವುದು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ, ನಿಜ. ಅದಕ್ಕೇ ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿದು ಕಟ್ಟುವ ಪಟ್ಟಿ) ಎಲ್ಲರ ಮೈಮೇಲೂ ಒಂದೇ ಜಾಗದಲ್ಲಿ, ಯಾವ ಕೈಗಾದರೂ ಎಟಕುವಂತೆ ಇರಬೇಕು. ಗಾಯಕ್ಕಿಂತ 5ರಿಂದ 8 ಸೆಂ.ಮೀ. ಮೇಲೆ, ಕೀಲನ್ನು ಬಿಟ್ಟು, ರಕ್ತ ನಿಲ್ಲುವ ತನಕ ತಿರುವಿ, ಕಟ್ಟಿದ ಹೊತ್ತನ್ನು ಬರೆಯಬೇಕು. 2 ಗಂಟೆ ದಾಟಿದಂತೆ ಆ ಕೈಕಾಲಿಗೆ ಅಪಾಯ ಏರುತ್ತದೆ. ಕತ್ತಲಲ್ಲಿ, ಒಂಟಿ ಕೈಯಲ್ಲಿ ಕಟ್ಟಲು ಬರುವ ತನಕ ಅಭ್ಯಾಸ ಮಾಡಿಸಿದ್ದರೆ ಕಮಾಂಡರ್ ಉಳಿದ 29 ಜನರನ್ನು ನೋಡಿಕೊಳ್ಳಬಹುದು. ಕಲ್ಲೆದೆ ಅನ್ನಿಸುತ್ತದೆ, ಅನ್ನಿಸಲಿ. ಅವನು ಬಗ್ಗಿ ಕೂತ ನಿಮಿಷದಲ್ಲಿ ಪ್ಲಟೂನಿಗೆ ದಿಕ್ಕಿರುವುದಿಲ್ಲ, ಎರಡನೆಯವನು ಬೀಳುವುದು ಆಗಲೇ.

ಹೊರಡಲು 6 ಗಂಟೆ ಇದ್ದರೆ 2 ಗಂಟೆ ಮಾತ್ರ ನನ್ನ ಯೋಜನೆಗೆ, 4 ಗಂಟೆ ಸೆಕ್ಷನ್‌ಗಳಿಗೆ. ಈ ಮೂರನೇ ಒಂದರ ಕಟ್ಟಳೆ ಮುರಿದು ನಕ್ಷೆಗೆ ಬಣ್ಣ ತುಂಬುತ್ತ ಕೂತರೆ ಜವಾನರು ತಾಲೀಮಿಲ್ಲದೆ ಹೊರಡುತ್ತಾರೆ. ನಿದ್ದೆಯೂ ಅಷ್ಟೇ. ಒಂದಿಡೀ ದಿನ ನಿದ್ದೆಗೆಟ್ಟವನ ತೀರ್ಮಾನ ಕುಡಿದವನದಕ್ಕಿಂತ ಮೇಲಲ್ಲ. ಹವಿಲ್ದಾರನಿಗೆ ಜವಾಬ್ದಾರಿ ಒಪ್ಪಿಸಿ ಮಲಗುವುದು ಕರ್ತವ್ಯದ ಭಾಗವೇ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಜೇಬಿನ ನೋಟ್‌ಬುಕ್. ಮುಖ್ಯ ತೀರ್ಮಾನ ಒಂದೊಂದಕ್ಕೂ ನಾಲ್ಕು ಸಾಲು: ಎಷ್ಟು ಹೊತ್ತಿಗೆ, ಆಗ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಯಾಕೆ ಹೀಗೆ ಮಾಡಿದೆ. ಅದೇ ದಿನ ನೀಲಿ ಶಾಯಿಯಲ್ಲಿ ಬರೆಯಬೇಕು. ಆಮೇಲೆ ತಿಳಿದದ್ದು ಕೆಂಪು ಶಾಯಿಯಲ್ಲಿ, ಕೆಳಗೆ. ತಿಂಗಳು ಕಳೆದ ಮೇಲೆ ಮನಸ್ಸು ತನ್ನ ಮೇಲೆ ತಾನೇ ಮೊಕದ್ದಮೆ ಹೂಡುತ್ತದೆ: ಗೋಡೆಯ ಹಿಂದೆ ಮೆಷಿನ್ ಗನ್ ಇದೆ ಅಂತ ನಿನಗೆ ಗೊತ್ತಿತ್ತಲ್ಲ? ನೀಲಿ ಶಾಯಿಯಲ್ಲಿ ಅದಿಲ್ಲ, ಕೆಂಪಿನಲ್ಲಿದೆ. ನೀಲಿಯಲ್ಲೇ ಇದ್ದರೆ ಅದು ನಿಜವಾದ ತಪ್ಪು; ಮೇಲಧಿಕಾರಿಯ ಮುಂದೆ ಒಪ್ಪಿಕೊಳ್ಳಬೇಕು, ಪ್ಲಟೂನಿನ ಮುಂದೆಯೂ. ಜವಾನರಿಗೆ ಹೇಗೂ ಗೊತ್ತಿರುತ್ತದೆ.

ಕೈ ನಡುಗುವ, ಮಾತು ನಿಂತುಹೋದ ಜವಾನನನ್ನು ದೂರ ಕಳಿಸುವ ಆತುರ ಬೇಡ. ಮೊದಲ ಮಹಾಯುದ್ಧದಲ್ಲೇ ಕಂಡುಕೊಂಡ ದಾರಿ: ತನ್ನವರ ಹತ್ತಿರವೇ, ತಡಮಾಡದೆ, ಎರಡು ಮೂರು ದಿನ ಬಿಸಿ ಊಟ, ನಿದ್ದೆ, ಸಣ್ಣ ಕೆಲಸ, ಮರಳಿ ಬರುತ್ತೀಯ ಎಂಬ ಮಾತು. ಸಾಯುವ ಮಾತಾಡಿದರೆ ಮಾತ್ರ ಒಂದು ಕ್ಷಣವೂ ಕಾಯಬಾರದು. ಆಯುಧ ತೆಗೆದುಕೊಂಡು, ಒಂಟಿ ಬಿಡದೆ, ವೈದ್ಯರ ಬಳಿಗೆ ಕರೆದೊಯ್ಯಬೇಕು.

ಸತ್ತವನ ಮನೆಗೆ ಕಾಗದ ಕೈಬರಹದಲ್ಲೇ. ಅಧಿಕೃತ ಸುದ್ದಿ ಮುಟ್ಟುವ ತನಕ ಕಳಿಸಕೂಡದು, ಅಲ್ಲಿಯವರೆಗೆ ಯಾರ ಫೋನೂ ಹೊರಗೆ ಹೋಗಕೂಡದು. 'ನೋವಿಲ್ಲದೆ ಹೋದ' ಎಂದು ಬರೆಯುವ ಆಸೆಯಾಗುತ್ತದೆ. ಸುಳ್ಳಾಗಿದ್ದರೆ ಬರೆಯಬೇಡಿ, ಜೊತೆಗಿದ್ದವರು ಎಂದಾದರೂ ಆ ಮನೆಗೆ ಹೋಗುತ್ತಾರೆ. ಗಾಯದ ವಿವರವೂ ಬೇಡ. ಅವನು ಮಾಡುತ್ತಿದ್ದ ಒಂದು ಕೆಲಸ, ಆಡುತ್ತಿದ್ದ ಒಂದು ಮಾತು ಸಾಕು. 'ಧೀರ', 'ಆದರ್ಶ' ಎಂಬ ಪದಗಳು ಯಾರ ಕಾಗದಕ್ಕಾದರೂ ಹೊಂದುತ್ತವೆ.

ಸತ್ತವನ ಸಾಮಾನು ಕಟ್ಟುವಾಗ ಇಬ್ಬರಿರಬೇಕು: ಒಬ್ಬ ಎತ್ತಿ ಹೇಳುತ್ತಾನೆ, ಇನ್ನೊಬ್ಬ ಬರೆಯುತ್ತಾನೆ, ಇಬ್ಬರೂ ಸಹಿ ಹಾಕುತ್ತಾರೆ. ರಕ್ತದ ಬಟ್ಟೆ ಮನೆಗೆ ಹೋಗಬಾರದು. ಪೆಟ್ಟಿಗೆ ಮುಚ್ಚುವ ಮೊದಲು ಜೇಬುಗಳನ್ನು ಇನ್ನೊಮ್ಮೆ ತಡವಿ, ಒಳಜೇಬು ಉಳಿದುಹೋಗಿರುತ್ತದೆ.