ನೆರಳಿನ ಅಳತೆ ಹಿಡಿದು ಮಾಡಿದ ಕಿಳ್ಳೇಕ್ಯಾತ: ನನ್ನ ಅನುಭವ

ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಆಡಿಸುವ ಹಳೆಯ ತೊಗಲು ಗೊಂಬೆಯನ್ನು ಮುಟ್ಟದೆ, ಅಂಥದ್ದೇ ಹೊಸದಕ್ಕೆ ಅದರ ಅಚ್ಚು ತೆಗೆಯಬಹುದು. ನೆರಳು ಸಾಕು. ಹೀಗೆ ಹೇಳಿದಾಗ ಗಂಗಾವತಿಯಲ್ಲಿ ನನಗೆ ಗೊತ್ತಿರುವ ಬೋರ್ಡ್ ಬರೆಯುವವರು ನಂಬಲಿಲ್ಲ, ಚಿತ್ರ ಕಲಿಸುವ ಮೇಷ್ಟ್ರು ನಂಬಲಿಲ್ಲ, ಕೊನೆಗೆ ಗೊಂಬೆ ಆಡಿಸುವ ಮನೆಯವರೂ ನಂಬಲಿಲ್ಲ. ಈಗ ನನ್ನ ಗೊಂಬೆ ಪರದೆ ಮೇಲೆ ಕುಣಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾಡಿದ್ದು ಕಿಳ್ಳೇಕ್ಯಾತನನ್ನು, ಆಟದಲ್ಲಿ ಎಲ್ಲರನ್ನೂ ನಗಿಸುವ ಪಾತ್ರ. ತೊಗಲು ಗೊಂಬೆ ಆಟ ನೋಡಿದವರಿಗೆ ಅವನ ಪರಿಚಯ ಬೇಕಿಲ್ಲ. ಕಪ್ಪು ಮೈ, ಮುಂದೆ ಬಂದ ಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು. ರಾಮ ಬರಲಿ ರಾವಣ ಬರಲಿ, ಮಕ್ಕಳು ಕಾಯುವುದು ಇವನಿಗೆ. ನಾನೂ ಹಾಗೇ ಕಾದವನು. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯಲ್ಲಿ ಮತ್ತೆ ಗೊಂಬೆಯಾಟದ ಮಾತು ಎದ್ದಿತು. ನಾನು ಕೈ ಹಾಕಿದ್ದು ಆಗಲೇ. ಕೆಲಸದಲ್ಲಿ ನಾನು ದರ್ಜಿ. ತೊಗಲು ಹಿಡಿದಿದ್ದು ಅದೇ ಮೊದಲು.

ಮೂಲ ಗೊಂಬೆ ಇದ್ದದ್ದು ಕೊಪ್ಪಳ ಕಡೆಯ ಒಂದು ಹಳ್ಳಿಯಲ್ಲಿ. ಸುಮಾರು ಎರಡಡಿ ಎತ್ತರ. ಕಿವಿಯ ಹತ್ತಿರ ಹರಿದಿದೆ, ಅಂಚು ಹಪ್ಪಳದ ಹಾಗೆ ಮುರಿಯುತ್ತೆ. ಅದರ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಆಡಿಸಲು ಮನೆಯ ಅಜ್ಜ ಒಪ್ಪಲಿಲ್ಲ. ಅವರು ಹೇಳಿದ್ದು ಸರಿಯೇ, ಪೂಜೆ ಮಾಡುವ ಗೊಂಬೆ ಅದು. "ಇನ್ನೊಂದ್ ವರ್ಷ ನೋಡಿ ಹೊಳಿಗೆ ಬಿಡ್ತೀವಿ ತಮ್ಮಾ" ಅಂದರು. ಆಡಿಸಿ ಸವೆದ ಗೊಂಬೆಯನ್ನು ನೀರಿಗೆ ಬಿಡುವುದು ಅವರ ಪದ್ಧತಿ. ನನಗೆ ಅವಸರ ಹತ್ತಿದ್ದು ಆ ಮಾತಿಗೆ.

ಮೊದಲು ಫೋಟೋ ತೆಗೆದು, ಅದೇ ಅಳತೆಗೆ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಮುನ್ನೂರು ರೂಪಾಯಿ. ಮುಖ ಬಂತು, ತೂತು ಬರಲಿಲ್ಲ. ಕಿಳ್ಳೇಕ್ಯಾತನ ಮೈ ಪೂರ್ತಿ ಕಪ್ಪು. ಅದರಲ್ಲಿ ಬೆಳಕು ಚೆನ್ನಾಗಿ ಹಾಯುವುದು ತೂತುಗಳಿಂದ. ಹಲ್ಲು, ಕಣ್ಣು, ಕೊರಳ ಸರ, ಸೊಂಟದ ಗೆಜ್ಜೆ ಎಲ್ಲವೂ ತೂತೇ. ಫೋಟೋದಲ್ಲಿ ಅವೆಲ್ಲ ಕಪ್ಪಿನೊಳಗೆ ಮುಚ್ಚಿಹೋಗಿದ್ದವು. ಮೇಲಾಗಿ ಮೊಬೈಲ್ ಲೆನ್ಸು ಅಂಚಿನ ಕೈಕಾಲುಗಳನ್ನು ಎಳೆದು ಉದ್ದ ಮಾಡಿತ್ತು.

ಆಮೇಲೆ ನೆರಳಿಗೆ ಬಂದೆ. ಅಜ್ಜ ನಂಬಲೇ ಇಲ್ಲ. "ನೆಳ್ಳಿಗೆ ಅಳತಿ ಐತೇನು? ಒಂದ್ ಸಲ ದೊಡ್ಡದು, ಒಂದ್ ಸಲ ಸಣ್ಣದು. ಆಗಂಗಿಲ್ಲ ಬಿಡು." ಗೊಂಬೆ ಪರದೆಯಿಂದ ದೂರ ಇದ್ದರೆ ಆ ಮಾತು ನಿಜ. ಆದರೆ ಗೊಂಬೆ ಪರದೆಯ ಬಟ್ಟೆಯಿಂದ ಒಂದಿಂಚು, ದೀಪ ಹತ್ತಡಿ ಹಿಂದೆ ಇದ್ದರೆ ನೆರಳು ಬೆಳೆಯುವುದು ನೂರಕ್ಕೆ ಒಂದು ಪಾಲೂ ಅಲ್ಲ. ಎರಡಡಿಯ ಗೊಂಬೆಗೆ ಕಾಲು ಇಂಚಿನ ಒಳಗೇ. ಕತ್ತರಿಸುವಾಗ ಗೆರೆಯ ಒಳಬದಿ ಹಿಡಿದರೆ ಅದೂ ಸರಿಹೋಗುತ್ತೆ.

ಬಲ್ಬಿನಲ್ಲಿ ಅಂಚು ಮಸುಕಾಗಿ ಬಂತು. ಮೊಬೈಲ್ ಟಾರ್ಚ್ ಒಂದೇ ಚುಕ್ಕಿ ಬೆಳಕು. ಅದರಲ್ಲಿ ಸೂಜಿ ಮೊನೆಯಷ್ಟು ತೂತೂ ಎದ್ದು ಕಂಡಿತು. ಟಾರ್ಚ್ ಗೊಂಬೆಯ ಹೊಟ್ಟೆಯ ಮಟ್ಟಕ್ಕೇ ಇರಬೇಕು, ಇಲ್ಲದಿದ್ದರೆ ನೆರಳು ಓರೆಯಾಗಿ ಉದ್ದವಾಗುತ್ತೆ. ಗೊಂಬೆಯ ಕೋಲನ್ನು ಕುರ್ಚಿಗೆ ಕಟ್ಟಿ, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಈ ಕಡೆಯಿಂದ ಬಟರ್ ಪೇಪರ್ ಟಾಚಣಿ ಚುಚ್ಚಿ ಗೆರೆ ಎಳೆದೆ.

ಎಲ್ಲರ ಅನುಮಾನ ಇದ್ದದ್ದು ಕೀಲಿನ ಮೇಲೆ. ಬಿಚ್ಚದೆ ಕೀಲಿನ ಜಾಗ ಹೇಗೆ ಗೊತ್ತಾಗುತ್ತೆ ಅಂತ. ಇದು ನನಗೆ ಹೊಲಿಗೆಯಿಂದ ಹೊಳೆದದ್ದು. ಕೈ ಕೆಳಗೆ, ಕೈ ಅಡ್ಡ, ಕೈ ಮೇಲೆ, ಹೀಗೆ ಮೂರು ನೆರಳನ್ನೂ ಒಂದೇ ಪೇಪರಿನಲ್ಲಿ ಬಿಡಿಸಿಕೊಂಡೆ. ಕೈಯನ್ನು ಬೇರೆ ರಟ್ಟಿನಲ್ಲಿ ಕತ್ತರಿಸಿ, ಭುಜದ ಹತ್ತಿರ ಟಾಚಣಿ ಚುಚ್ಚಿ ತಿರುಗಿಸಿದೆ. ಎಲ್ಲಿ ಚುಚ್ಚಿದಾಗ ರಟ್ಟಿನ ಕೈ ಮೂರೂ ನೆರಳಿನ ಮೇಲೆ ಸರಿಯಾಗಿ ಕೂರುತ್ತೋ ಅದೇ ಕೀಲು. ಮೊಣಕೈ, ಸೊಂಟ, ಮೊಣಕಾಲು, ದವಡೆ, ಎಲ್ಲಕ್ಕೂ ಇದೇ ಲೆಕ್ಕ. ದವಡೆಗೆ ಮಾತ್ರ ಇನ್ನೊಂದು ಉಪಾಯ ಬೇಕಾಯಿತು. ಅದು ನನ್ನ ಹತ್ತಿರವೇ ಇರಲಿ.

ತೊಗಲಿನ ವಿಷಯ ಬೇರೆಯೇ ಕಥೆ. ಹದ ಮಾಡಿದ ಚರ್ಮವನ್ನು ಅಂಗಡಿಯಿಂದ ತಂದಿದ್ದು ಪೂರ್ತಿ ನಷ್ಟ, ನಾನೂರೈವತ್ತು ಹೋಯಿತು. ಅದರಲ್ಲಿ ಬೆಳಕು ಹಾಯುವುದೇ ಇಲ್ಲ. ಹಸಿ ತೊಗಲೇ ಬೇಕು. ಮಟನ್ ಅಂಗಡಿಯಲ್ಲಿ ಮೇಕೆಯದು ಐವತ್ತು, ಅರವತ್ತಕ್ಕೆ ಸಿಗುತ್ತೆ. ಮೊದಲ ತೊಗಲು ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ಮೇಲೆ ಒಣಗಿತು. ಮೇಲೆ ಗಡಸು, ಒಳಗೆ ಹಸಿ. ನಾತ ಬಂತು, ಕೊಬ್ಬು ಕರಗಿ ಹಳದಿ ಕಲೆ ಎದ್ದಿತು. ಎರಡನೆಯದು ಹೆರೆಯುವಾಗ ಹೊಟ್ಟೆಯ ಭಾಗದಲ್ಲಿ ಹರಿಯಿತು. ಕೊನೆಗೆ ಗೆದ್ದದ್ದು ನೆರಳಲ್ಲಿ, ಗಾಳಿಯಲ್ಲಿ, ನಿಧಾನಕ್ಕೆ ಒಣಗಿದ್ದು. ಚೌಕಟ್ಟಿಗೆ ಎಳೆದು ಮೊಳೆ ಹೊಡೆದು, ಬೆಳಗ್ಗೆ ಸಂಜೆ ತಿರುವಿ ಹಾಕುತ್ತಿದ್ದೆ. ನಮ್ಮ ಕಡೆಯ ಬಿಸಿಲಿಗೆ ಇದೊಂದೇ ದಾರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆನ್ನಿನ ಭಾಗ ಮೈಗೆ ಇಟ್ಟೆ, ತೆಳ್ಳಗಿನ ಪಕ್ಕೆಯ ಭಾಗ ಕೈಗೆ, ದವಡೆಗೆ. ಆಡುವ ಅಂಗ ಹಗುರ ಇರಬೇಕಲ್ವಾ.

ಸುಕ್ಕು ತೆಗೆಯಲು ಒಂದು ತುಂಡಿನ ಮೇಲೆ ಇಸ್ತ್ರಿ ಆಡಿಸಿ ನೋಡಿದೆ. ಸ್ವಲ್ಪ ಹಸಿ ಇತ್ತು. ನೋಡನೋಡುತ್ತಾ ಮುದುಡಿ ಅರ್ಧ ಆಯಿತು. ತೊಗಲಿಗೆ ಬಿಸಿ ತೋರಿಸಲೇ ಬಾರದು. ಭಾರದ ಹಲಗೆ ಹೇರಿ ಬಿಡುವುದೇ ಸರಿ. ಇನ್ನೊಂದು ಪ್ರಯೋಗ ಕಿನ್ನಾಳದಿಂದ ಬಂದದ್ದು. ಅಲ್ಲಿನ ಚಿತ್ರಗಾರರು ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಬಣ್ಣ ಹರಡದೆ ನಿಲ್ಲಲಿ ಅಂತ ಅದನ್ನೇ ತೊಗಲಿಗೆ ತೆಳುವಾಗಿ ಸವರಿದೆ. ಬಣ್ಣ ನಿಂತಿತು, ಆದರೆ ಬಾಗಿಸಿದಾಗ ಬಿರುಕು ಬಿಟ್ಟಿತು. ಮರಕ್ಕೆ ಚೆಂದ, ಆಡುವ ತೊಗಲಿಗೆ ಅಲ್ಲ. ಬಣ್ಣ ಹರಡುವುದು ನಿಂತದ್ದು ಸೀಗೆಕಾಯಿ ನೀರಿನಲ್ಲಿ ಜಿಡ್ಡು ತೊಳೆದ ಮೇಲೆ. ತಣ್ಣೀರು, ಬಿಸಿನೀರಲ್ಲ. ಬಣ್ಣಕ್ಕೆ ಬಾಟಲಿ ಇಂಕು. ಕಪ್ಪಿಗೆ ನಾನು ಏನು ಬೆರೆಸಿದೆ ಅಂತ ಕೇಳಬೇಡಿ. ಇಷ್ಟು ಹೇಳುತ್ತೇನೆ, ಬರೀ ಕಪ್ಪು ಇಂಕು ಪರದೆ ಮೇಲೆ ನೀಲಿ ಹೊಡೆಯುತ್ತೆ.

ತೂತು ಕೊರೆಯಲು ಸಣ್ಣ ಉಳಿಗಳು, ಕೆಳಗೆ ಹುಣಸೆ ಕೊರಡು. ಉಳಿಗೆ ಏಳೆಂಟು ನೂರು ಆಯಿತು. ಎಲ್ಲ ಸೇರಿ ಖರ್ಚು ಮೂರು ಸಾವಿರದ ಆಸುಪಾಸು. ಅದರಲ್ಲಿ ಕೆಟ್ಟು ಹೋದ ಮಾಲಿಗೆ ಸಾವಿರದ ಹತ್ತಿರ, ಬಸ್ಸಿಗೆ ಐನೂರು, ಆರುನೂರು.

ಕೀಲು ಸರಿಯಾದ ಜಾಗದಲ್ಲೇ ಇದ್ದರೂ ಮೊದಲು ಗೊಂಬೆ ಕುಣಿಯಲಿಲ್ಲ. ಕೈ ಎತ್ತಿದರೆ ಅಲ್ಲೇ ನಿಲ್ಲುತ್ತಿತ್ತು. ಹಳೆಯದರಲ್ಲಿ ವರ್ಷಗಟ್ಟಲೆ ಆಡಿಸಿ ಕೀಲಿನ ತೂತು ಅಗಲ ಆಗಿದೆ. ಕೈ ತಾನಾಗಿ ಜೋತು ಬೀಳುತ್ತೆ, ಅವನ ಸೋಮಾರಿ ನಡಿಗೆ ಬರುವುದು ಅಲ್ಲಿಂದ. ನಾನು ತೂತು ಅಗಲಿಸಿ, ದಾರದ ಎರಡೂ ಗಂಟಿನ ನಡುವೆ ಒಂದು ಜೋಳದ ಕಾಳಿನಷ್ಟು ಸಡಿಲ ಬಿಟ್ಟೆ. ಅಲ್ಲಿಗೆ ಕಿಳ್ಳೇಕ್ಯಾತ ಬಂದ. ನಕಲು ಮಾಡುವವರು ಸವೆತವನ್ನೂ ನಕಲು ಮಾಡಬೇಕು.

ಬೆಳಕಿಗೆ ಬಿಳಿ ಎಲ್‌ಇಡಿ ಹಾಕಿದರೆ ಕೆಂಪು ಸತ್ತುಹೋಗುತ್ತೆ. ಹಳದಿ ಬಲ್ಬೇ ಸರಿ. ಎಣ್ಣೆ ದೀಪವನ್ನೂ ಹಚ್ಚಿ ನೋಡಿದೆವು. ಬೆಳಕು ಅಲುಗಿದಂತೆ ಗೊಂಬೆ ಉಸಿರಾಡಿದಂತೆ ಕಾಣುತ್ತೆ. ಆದರೆ ಮಸಿ ಜಾಸ್ತಿ, ಪರದೆ ಹಾಳು.

ಅಜ್ಜ ಒಂದು ಸಂಜೆ ಎರಡೂ ಗೊಂಬೆ ಹಿಡಿದು ಪರದೆಯ ಹಿಂದೆ ಕೂತರು. ಈ ಕಡೆ ಅವರ ಮಗಳು, ಮೊಮ್ಮಕ್ಕಳು. ಮೊಮ್ಮಕ್ಕಳು ಬಿಡಿ, ಚಿಕ್ಕಂದಿನಿಂದ ಆಟ ನೋಡಿದ ಮಗಳೇ ಹೊಸದನ್ನು ತೋರಿಸಿ "ಇದು ನಮ್ಮದು" ಅಂದರು. ಅಜ್ಜ ನನ್ನನ್ನು ಕರೆದು ಗೊಂಬೆಯನ್ನು ತಿರುಗಿಸಿ ನೋಡಿದರು. "ದವಡಿ ಹೆಂಗ್ ಕೂಡಿಸಿದಿ?" ಅಂತ ಕೇಳಿದರು. ಅವರಿಗೆ ಮಾತ್ರ ಹೇಳಿದೆ. ಐದು ಸಾವಿರಕ್ಕೆ ಕೊಡ್ತೀರಾ ಅಂತ ಒಬ್ಬರು ಕೇಳಿದರು, ಕೊಡಲಿಲ್ಲ. ಗೊಂಬೆ ಈಗ ಅಜ್ಜನ ಮನೆಯ ಬಿದಿರು ಪೆಟ್ಟಿಗೆಯಲ್ಲಿದೆ, ಆಟಕ್ಕೆ ಅದೇ ಹೋಗುತ್ತೆ.

ಹೊಳೆಗೆ ಬಿಡುವ ಮುಂಚೆ ಕಿಳ್ಳೇಕ್ಯಾತನ ಹೆಂಡತಿ ಬಂಗಾರಕ್ಕನ ನೆರಳನ್ನೂ ತೆಗೆದುಕೋ ಅಂತ ಅಜ್ಜ ಅಂದಿದ್ದಾರೆ. ಅಚ್ಚು ತೆಗೆದಾಯಿತು. ಅವಳ ಸೀರೆಯ ತೂತು ಇನ್ನೂ ಸಣ್ಣ, ನನ್ನ ಹತ್ತಿರ ಇರುವ ಉಳಿ ಸಾಲದು. ಹಳೆಯ ಹೊಲಿಗೆ ಮಷಿನ್ ಸೂಜಿಗಳನ್ನು ಮಸೆದು ನೋಡುತ್ತಿದ್ದೇನೆ. ತೊಗಲನ್ನು ದೀಪಾವಳಿ ಆದ ಮೇಲೆ, ಚಳಿ ಬಿದ್ದಾಗಲೇ ತರುತ್ತೇನೆ.