ಇನ್ಸುಲಿನ್ ಚುಚ್ಚುವ ಮುನ್ನ ಹೊಟ್ಟೆ ಮುಟ್ಟಿ ನೋಡಿ

ಸಿಂದಗಿ ಕಡೆಯ ಆ ಅಜ್ಜಿ ಇನ್ಸುಲಿನ್ ಒಂದು ಹೊತ್ತೂ ತಪ್ಪಿಸಿದವರಲ್ಲ. ಆದರೂ ಸಕ್ಕರೆ ಒಂದು ದಿನ 300, ಮರುದಿನ 90. ಬಂದಾಗಲೆಲ್ಲ ಇನ್ಸುಲಿನ್ ಅಳೆಯುವ ಯೂನಿಟ್ ಏರುತ್ತಲೇ ಹೋಗಿತ್ತು. ವಿಜಯಪುರದಲ್ಲಿ ಹತ್ತು ವರ್ಷ ನರ್ಸ್ ಆಗಿದ್ದ ನಾನು ಅಂದು ಚೀಟಿ ಬದಿಗಿಟ್ಟು, "ಆಯಿ, ಯಾವ ಕಡೆ ಚುಚ್ಚುತ್ತೀರಿ?" ಎಂದು ಕೇಳಿದೆ. ಹೊಕ್ಕಳ ಬಲಕ್ಕೆ ಕೈಯಿಟ್ಟರೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು. "ಇಲ್ಲಿ ನೋವಾಗುವುದಿಲ್ಲ ಅಕ್ಕಾವರೇ" ಎಂದರು. ವರ್ಷಗಟ್ಟಲೆ ಅಲ್ಲೇ ಚುಚ್ಚಿಕೊಂಡಿದ್ದರು. ಅದಕ್ಕೂ ಮೊದಲು ಎಷ್ಟು ಜನರನ್ನು ಹೊಟ್ಟೆ ಮುಟ್ಟದೆ ಕಳಿಸಿದೆನೋ ಎಂಬ ಸಂಕಟ ನನಗೆ ಇಂದಿಗೂ ಇದೆ.

ಚುಚ್ಚಿದಲ್ಲೇ ಚುಚ್ಚಿದರೆ ಚರ್ಮದಡಿಯ ಕೊಬ್ಬು ಊದಿ ಗಂಟಾಗುತ್ತದೆ. ಗಂಟಿಗೆ ಹೋದ ಔಷಧಿ ಒಂದು ದಿನ ಬೇಗ ರಕ್ತ ಸೇರುತ್ತದೆ, ಇನ್ನೊಂದು ದಿನ ಅಲ್ಲೇ ತಡೆಯುತ್ತದೆ. ಹಾಗೆಂದು ಏರಿಸಿದ ಪ್ರಮಾಣವನ್ನೇ ಹೊಸ ಜಾಗಕ್ಕೆ ಕೊಟ್ಟರೆ ಸಕ್ಕರೆ ಕುಸಿದು ಜೀವಕ್ಕೇ ಕುತ್ತು. ಆದ್ದರಿಂದ ವೈದ್ಯರಿಂದ ಮೊದಲು ಪ್ರಮಾಣ ಇಳಿಸಿದೆವು. ಹೊಟ್ಟೆಯನ್ನು ರೊಟ್ಟಿ ಮುರಿದಂತೆ ನಾಲ್ಕು ಭಾಗ ಮಾಡಿಕೊಳ್ಳಿ, ವಾರಕ್ಕೊಂದು ಭಾಗ, ಪ್ರತಿ ಸಲ ಒಂದು ಬೆರಳು ಸರಿಸಿ ಚುಚ್ಚಿ, ಗಂಟಿನ ತಂಟೆಗೆ ಹೋಗಬೇಡಿ ಎಂದೆ. ಎರಡು ತಿಂಗಳಲ್ಲಿ ಏರಿಳಿತ ನಿಂತಿತು.

"ಗುಳಿಗೆ ಇಲ್ಲವೇ?" ಎಂದು ಎಲ್ಲರೂ ಕೇಳುತ್ತಾರೆ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನ್. ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆ ಅರಗಿಸಿಬಿಡುತ್ತದೆ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಕೊಟ್ಟದ್ದೂ ಸೂಜಿಯಲ್ಲೇ.

ಪ್ರೋಟೀನ್ ಆದ್ದರಿಂದಲೇ ನಮ್ಮ ಬಿಸಿಲಿಗೆ ಅದು ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯವರಿಗೆ ನಾನು ಮಡಕೆ ಹೇಳುತ್ತೇನೆ: ದೊಡ್ಡ ಮಡಕೆಯೊಳಗೆ ಚಿಕ್ಕದು, ನಡುವೆ ಹಸಿ ಮರಳು, ಮೇಲೆ ಒದ್ದೆ ಬಟ್ಟೆ, ಒಳಗೆ ಮುಚ್ಚಳದ ಡಬ್ಬಿಯಲ್ಲಿ ಬಾಟಲಿ. ಇಲ್ಲಿನ ಒಣ ಗಾಳಿಗೆ ನೀರು ಬೇಗ ಆರುವುದರಿಂದ ಒಳಗೆ ಚೆನ್ನಾಗಿ ತಂಪಾಗುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ನಾನೇ ಅಳೆದು ನೋಡಿದೆ, ಒಳಗೆ 27 ಇತ್ತು. ಫ್ರಿಜ್ ಇದ್ದವರು ಮಂಜುಗಡ್ಡೆಯ ಖಾನೆಗೆ ಮಾತ್ರ ಹಾಕಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ.

ಸಿರಿಂಜ್ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗೆ 40ರ ಸಿರಿಂಜೇ ಬೇಕು. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಹಾಗಾಗಿ ಹೊಸಬರು ಬಂದರೆ ಬಾಟಲಿ, ಸಿರಿಂಜ್ ಎರಡನ್ನೂ ಚೀಲದಿಂದ ತೆಗೆಸಿ ಮೇಜಿನ ಮೇಲೆ ಇಡಿಸುತ್ತೇನೆ. ಆಮೇಲೆ ಹೊಟ್ಟೆ ಮುಟ್ಟಿ ನೋಡುತ್ತೇನೆ.