ಹಳೆ ಗಾಡಿ ಮಾರ್ತಿದ್ದೀರಾ? ಮೊದಲು ದುಡ್ಡು, ಆಮೇಲೆ ಸಹಿ

ಸ್ಕೂಟರ್ ಫೋಟೋ ತೆಗೆದು ಓಎಲ್‌ಎಕ್ಸ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ಇಂಥದ್ದೊಂದು ಕರೆ ಬರಬಹುದು: ‘ಸರ್, ನಾನು ಆರ್ಮಿಯಲ್ಲಿದ್ದೀನಿ. ಗಾಡಿ ನೋಡೋದೇನೂ ಬೇಡ, ರೇಟೂ ಓಕೆ. ಈಗ್ಲೇ ಅಡ್ವಾನ್ಸ್ ಹಾಕ್ತೀನಿ.’ ಗಾಡಿ ನೋಡದೆ, ಚೌಕಾಸಿ ಮಾಡದೆ ಯಾರಾದರೂ ಹಳೆ ಗಾಡಿ ಕೊಳ್ಳುತ್ತಾರಾ? ಮಾತು ಅಲ್ಲಿಗೇ ನಿಲ್ಲಿಸಿ.

ಮುಂದುವರಿಸಿದರೆ ಆಗುವುದಿಷ್ಟು. ನಂಬಿಕೆ ಬರಲೆಂದು ಮೊದಲು ಐದೋ ಹತ್ತೋ ರೂಪಾಯಿ ಹಾಕುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ಬಂದುಬಿಡುತ್ತೆ’ ಎನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ಸ್ಕ್ಯಾನ್ ಮಾಡುವುದೂ ಬೇಕಾಗಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದಲೇ.

ಇನ್ನೊಂದು ಆಟವೂ ಇದೆ. ‘ತಪ್ಪಾಗಿ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳ್ಸಿ’ ಎಂದು ಅವಸರ ಮಾಡುತ್ತಾರೆ. ಜತೆಗೇ ‘ನಿಮ್ಮ ಖಾತೆಗೆ ಜಮಾ ಆಗಿದೆ’ ಅಂತ ಒಂದು ಮೆಸೇಜ್. ಯಾರಿಂದ ಬಂದಿದೆ ನೋಡಿ. ಹತ್ತು ಅಂಕಿಯ ಮೊಬೈಲ್ ನಂಬರ್ ಆಗಿದ್ದರೆ ಅದು ಬ್ಯಾಂಕಿನದಲ್ಲ. ಸ್ಕ್ರೀನ್‌ಶಾಟನ್ನೂ ನಂಬಬೇಡಿ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುವುದೊಂದೇ ದಾರಿ.

ನಿಜವಾದ ಗಿರಾಕಿ ಮನೆಗೇ ಬಂದು, ಗಾಡಿ ಓಡಿಸಿ ನೋಡಿ ರೇಟು ಕುದುರಿಸಿದರು ಅನ್ನಿ. ಆಗ ದುಡ್ಡು ಅವರದೇ ಖಾತೆಯಿಂದ ಬರಲಿ. ‘ಫ್ರೆಂಡ್ ಹಾಕ್ತಾನೆ’ ಅಂದರೆ ಒಪ್ಪಬೇಡಿ. ಅದು ಬೇರೆ ಯಾರಿಂದಲೋ ದೋಚಿದ ಹಣವಾಗಿದ್ದರೆ, ದೂರು ದಾಖಲಾದ ಮೇಲೆ ನಿಮ್ಮ ಖಾತೆಗೂ ತಡೆ ಬೀಳಬಹುದು. ಅದನ್ನು ಬಿಡಿಸಿಕೊಳ್ಳಲು ಅಲೆದಾಟ ತಪ್ಪಿದ್ದಲ್ಲ. ಕಾರಿನಂಥ ದೊಡ್ಡ ಮೊತ್ತಕ್ಕೆ ಆರ್‌ಟಿಜಿಎಸ್ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಹಣ ವರ್ಗಾವಣೆ) ಒಳ್ಳೆಯದು. 2 ಲಕ್ಷ ರೂಪಾಯಿಯಿಂದ ಶುರುವಾಗುತ್ತದೆ, ರಜಾ ದಿನವೂ ನಡೆಯುತ್ತದೆ. ಚೆಕ್ ಕೊಟ್ಟರೆ ಕ್ಲಿಯರ್ ಆಗುವವರೆಗೂ ಗಾಡಿ ನಿಮ್ಮ ಮನೆಯಲ್ಲೇ ಇರಲಿ. ಇನ್ನು ನಗದು: ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಪೂರ್ತಿ ದುಡ್ಡು ಬಂದ ಮೇಲಷ್ಟೇ ಗಾಡಿಯನ್ನು ಕೊಂಡವರ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಸಹಿ ಹಾಕಿ ಕೀಲಿ, ಆರ್‌ಸಿ ಕೊಡಿ. ಖಾಲಿ ಫಾರಂಗೆ ಸಹಿ ಮಾತ್ರ ಬೇಡವೇ ಬೇಡ. ಗಾಡಿ ಕೊಟ್ಟ ದಿನಾಂಕ, ಸಮಯ ಬರೆದ ಡೆಲಿವರಿ ನೋಟ್‌ಗೆ ಅವರ ಸಹಿ ಹಾಕಿಸಿಕೊಳ್ಳಿ, ಆಧಾರ್ ಪ್ರತಿಯನ್ನೂ ಇಟ್ಟುಕೊಳ್ಳಿ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾಗುವವರೆಗೆ ಆ ಗಾಡಿಯ ಅಪಘಾತದ ಹೊಣೆ ನಿಮ್ಮ ತಲೆಗೇ ಬರಬಹುದು.

ಇಷ್ಟಾಗಿಯೂ ದುಡ್ಡು ಹೋಯಿತಾ? ನಾಚಿಕೆಪಟ್ಟು ಸುಮ್ನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ವಂಚಕರು ಹಣ ಬೇರೆ ಖಾತೆಗೆ ದಾಟಿಸುವ ಮೊದಲೇ ದೂರು ಹೋದರೆ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ.